20 ಎಂಬಿ ಫೈಲು ಮೇಲ್‌ನಲ್ಲಿ 27 ಎಂಬಿ ಆಗುವುದೇಕೆ?

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮದು ಪ್ರಿಂಟಿಂಗ್ ಪ್ರೆಸ್. ಹುಬ್ಬಳ್ಳಿ ಗಿರಾಕಿಗೆ ಕಳಿಸಿದ ಪ್ರೂಫ್ ಪಿಡಿಎಫ್ 20 ಎಂಬಿ, ಮೇಲ್ ಮಿತಿ 25 ಎಂಬಿ. ಆದ್ರೂ ‘ದೊಡ್ಡದಾತು’ ಅಂತ ವಾಪಸ್ ಬಂತು. ಹಿಂದಿನ ಒಂದು ಮೇಲ್‌ನ ಮೂಲರೂಪ ತೆಗೆದು ನೋಡಿದ್ರ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ ಸಾಲುಸಾಲು. ಫೈಲ್ ಕೆಟ್ಟೈತೇನ್ರಿ? ಆ ಅಕ್ಷರಾನ ವಾಟ್ಸಾಪ್‌ನಾಗ ಅಂಟಿಸಿ ಕಳಿಸಿದ್ರ ನಡೀತೈತೇನು?

ಉತ್ತರ: ಫೈಲು ಕೆಟ್ಟಿಲ್ಲ. ನೀವು ನೋಡಿದ್ದು ಲಗತ್ತಿನ ಬೇಸ್64 ರೂಪ, ಅಂದರೆ ಫೈಲಿನ ಬೈಟ್‌ಗಳನ್ನು ಬರೀ ಅಕ್ಷರ, ಅಂಕಿ, ಒಂದೆರಡು ಚಿಹ್ನೆಗಳಲ್ಲಿ ಬರೆದದ್ದು. ಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿ 1982ರ ಕಾಲದ್ದು. ಅದಕ್ಕೆ ಗೊತ್ತಿದ್ದದ್ದು 7 ಬಿಟ್‌ನ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಸಂಖ್ಯಾಪಟ್ಟಿ) ಅಕ್ಷರ, ಅದೂ ಸಾಲಿಗೆ ಗರಿಷ್ಠ 1000. ಎಂಟು ಬಿಟ್ ಸೇರಿದರೆ ಒಂದು ಬೈಟ್; ಪಿಡಿಎಫ್‌ನಲ್ಲಿ 0ರಿಂದ 255ರವರೆಗೆ ಯಾವ ಬೈಟ್ ಬೇಕಾದರೂ ಬರುತ್ತದೆ. ಹಾಗೇ ಬಿಟ್ಟರೆ ದಾರಿಯಲ್ಲಿ ಎಂಟನೆಯ ಬಿಟ್ ಉದುರಬಹುದು, ಇಲ್ಲವೇ ಸಾಲಿನ ಕೊನೆಯ ಗುರುತೆಂದುಕೊಂಡು ಸರ್ವರ್ ಯಾವುದೋ ಬೈಟನ್ನು ಬದಲಿಸಬಹುದು.

ಆದ್ದರಿಂದ 3 ಬೈಟ್, ಅಂದರೆ 24 ಬಿಟ್ ತೆಗೆದುಕೊಂಡು 6 ಬಿಟ್‌ನ ನಾಲ್ಕು ಪಾಲು ಮಾಡುತ್ತಾರೆ. ಪ್ರತಿ ಪಾಲೂ 0ರಿಂದ 63ರೊಳಗಿನ ಸಂಖ್ಯೆ: 0–25 ದೊಡ್ಡ ಇಂಗ್ಲಿಷ್ ಅಕ್ಷರ, 26–51 ಸಣ್ಣವು, 52–61 ಅಂಕಿ, 62 ಪ್ಲಸ್, 63 ಓರೆಗೆರೆ (/). ನಮ್ಮ ‘ಕ’ವನ್ನೇ ನೋಡಿ. ಎಲ್ಲ ಭಾಷೆಗಳ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಅದು 224, 178, 149 ಎಂಬ ಮೂರು ಬೈಟ್. ಪಾಲಾದಾಗ 56, 11, 10, 21. ಅಕ್ಷರಗಳಲ್ಲಿ 4, ಎಲ್, ಕೆ, ವಿ. ಕೊನೆಗೆ ಒಂದೇ ಬೈಟ್ ಉಳಿದರೆ ನಾಲ್ಕರ ಲೆಕ್ಕ ತುಂಬಲು ಎರಡು ಸಮಚಿಹ್ನೆ (=), ಎರಡು ಉಳಿದರೆ ಒಂದು.

ಮೂರಕ್ಕೆ ನಾಲ್ಕಾದಾಗಲೇ ಗಾತ್ರ ಮೂರನೇ ಒಂದು ಪಾಲು ಬೆಳೆಯಿತು. ಮೇಲ್‌ನಲ್ಲಿ ಬೇಸ್64 ಸಾಲಿಗೆ ಹೆಚ್ಚೆಂದರೆ 76 ಅಕ್ಷರ, ಮೇಲೆ ಸಾಲು ಮುರಿಯಲು ಎರಡು ಬೈಟ್. ಅಲ್ಲಿಗೆ ಆ 76 ಅಕ್ಷರದಲ್ಲಿ ಕೂಡುವ 57 ಬೈಟ್ 78 ಆಗುತ್ತದೆ, ನಿಮ್ಮ 20 ಎಂಬಿ ಸುಮಾರು 27.4. ಮಿತಿ 25 ಇದ್ದರೆ ಫೈಲು 18 ಎಂಬಿಯೊಳಗಿರಲಿ. ಜಿಪ್ ಮಾಡಿ ಹೆಚ್ಚು ಉಪಯೋಗವಿಲ್ಲ. ಪಿಡಿಎಫ್ ಒಳಗಿನ ಫೋಟೋಗಳು ಸಾಮಾನ್ಯವಾಗಿ ಆಗಲೇ ಕುಗ್ಗಿರುತ್ತವೆ. ಪರದೆಯ ಮೇಲೆ ನೋಡುವ ಪ್ರೂಫಿಗೆ 150 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಸಾಕು, ಅಚ್ಚಿನ 300 ಡಿಪಿಐ ಫೈಲನ್ನು ಡ್ರೈವ್ ಲಿಂಕ್‌ನಲ್ಲಿ ಕೊಡಿ.

ಅಕ್ಷರಗಳನ್ನು ಅಂಟಿಸಿ ಕಳಿಸುವ ಗೊಡವೆಗೆ ಹೋಗಬೇಡಿ, ವಾಟ್ಸಾಪ್‌ನಲ್ಲಿ ಪಿಡಿಎಫನ್ನೇ ಡಾಕ್ಯುಮೆಂಟ್ ಆಗಿ ಹಾಕಿ. ಅಂಟಿಸುವಾಗ ಬಾಲದ ನಾಲ್ಕು ಸಾಲು ಬಿಟ್ಟುಹೋಗಬಹುದು. ನಡುವೆ ವರ್ಡ್‌ನಲ್ಲಿ ಅಂಟಿಸಿ, ಅದು ತಾನಾಗಿ ಒಂದು ಸಣ್ಣಕ್ಷರವನ್ನು ದೊಡ್ಡದು ಮಾಡಿದರಂತೂ ಬೈಟೇ ಬದಲು, ಆದರೆ ದೋಷದ ಸಂದೇಶ ಮಾತ್ರ ಬರುವುದಿಲ್ಲ. ಇದೇ ಪಠ್ಯ ವೆಬ್ ವಿಳಾಸದೊಳಗೆ ಹೋದರೆ ಪ್ಲಸ್ ಇದ್ದಲ್ಲಿ ಖಾಲಿ ಜಾಗ ಬೀಳಬಹುದು. ಅಲ್ಲಿಗೆಂದೇ ಪ್ಲಸ್ ಬದಲು ಅಡ್ಡಗೆರೆ, ಓರೆಗೆರೆ ಬದಲು ಅಡಿಗೆರೆ ಬಳಸುವ ಇನ್ನೊಂದು ಬಗೆಯಿದೆ.

ಕೈಗೆ ಪಠ್ಯವಷ್ಟೇ ಸಿಕ್ಕಿದ್ದರೆ ಮೊದಲು ಆರಂಭ ನೋಡಿ. ಪಿಡಿಎಫ್ ಆದರೆ ದೊಡ್ಡಕ್ಷರದ ಜೆ, ವಿ, ಬಿ, ಇ, ಆರ್, ಆಮೇಲೆ ಸಣ್ಣ ಐ ಇರುತ್ತದೆ. ಸಾಲು ಮುರಿದ ಗುರುತು ಬಿಟ್ಟು ಎಣಿಸಿದ ಒಟ್ಟು ಅಕ್ಷರ ನಾಲ್ಕರಿಂದ ಭಾಗವಾಗದಿದ್ದರೆ ತುಂಡು ಕಳೆದಿದೆ ಅಂತಲೇ ಅರ್ಥ. ಸರಿಯಿದ್ದರೆ ನೋಟ್‌ಪ್ಯಾಡ್‌ನಲ್ಲಿ ಉಳಿಸಿ, ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸರ್ಟ್‌ಯುಟಿಲ್ (certutil) ಆದೇಶಕ್ಕೆ ಡಿಕೋಡ್ (-decode) ಆಯ್ಕೆ, ಪಠ್ಯ ಫೈಲಿನ ಹೆಸರು, ಹೊಸ ಪಿಡಿಎಫ್‌ನ ಹೆಸರು, ಇದೇ ಕ್ರಮದಲ್ಲಿ ಕೊಡಿ.

ಇನ್ನೊಂದು: ಇದು ಬೀಗವಲ್ಲ. ಗಿರಾಕಿಯ ದರಪಟ್ಟಿಯನ್ನು ಬೇಸ್64 ಮಾಡಿಟ್ಟರೆ ಯಾರು ಬೇಕಾದರೂ ಬಿಚ್ಚಿ ಓದಬಹುದು. ಗುಟ್ಟಾಗಿರಬೇಕಾದರೆ ಪಿಡಿಎಫ್‌ಗೇ ಪಾಸ್‌ವರ್ಡ್ ಹಾಕಿ.