ಸಣ್ಣ ವಿಮಾನವನ್ನು ತಿರುಗಿಸಲು ಕೈ, ಕಾಲು ಎರಡೂ ಏಕೆ ಬೇಕು?

ಸೆಸ್ನಾ 172ರಂತಹ ನಾಲ್ಕು ಆಸನಗಳ ವಿಮಾನದಲ್ಲಿ ಚಾಲಕನ ಕೈಯಲ್ಲಿರುವ ಯೋಕ್, ಅಂದರೆ ಹಿಡಿಚಕ್ರ, ಉಕ್ಕಿನ ಕೇಬಲ್ ಮತ್ತು ರಾಟೆಗಳ ಮೂಲಕ ರೆಕ್ಕೆ, ಬಾಲಗಳ ಚಲಿಸುವ ಭಾಗಗಳಿಗೆ ನೇರವಾಗಿ ಸೇರಿಕೊಂಡಿರುತ್ತದೆ. ನಡುವೆ ಹೈಡ್ರಾಲಿಕ್ ಆಗಲಿ ಕಂಪ್ಯೂಟರ್ ಆಗಲಿ ಇಲ್ಲ. ಹೆಚ್ಚುಕಡಿಮೆ ಬಾವಿಯ ರಾಟೆ, ಹಗ್ಗದ ಲೆಕ್ಕ. ಯೋಕನ್ನು ತನ್ನತ್ತ ಎಳೆದರೆ ಬಾಲದ ಎಲಿವೇಟರ್, ಅಂದರೆ ಮೇಲೆ ಕೆಳಗೆ ಬಾಗುವ ಅಡ್ಡ ಪಟ್ಟಿ, ಮೇಲಕ್ಕೆ ಬಾಗಿ, ಬಾಲ ಕೆಳಗಿಳಿದು ಮೂತಿ ಮೇಲೇಳುತ್ತದೆ. ಎಡಕ್ಕೆ ತಿರುಗಿಸಿದರೆ ಎಡ ರೆಕ್ಕೆಯ ಏಲರಾನ್, ಅಂದರೆ ರೆಕ್ಕೆಯ ಹಿಂಬದಿ ಅಂಚಿನ ಬಾಗುವ ಪಟ್ಟಿ, ಮೇಲಕ್ಕೂ ಬಲ ರೆಕ್ಕೆಯದು ಕೆಳಕ್ಕೂ ಹೋಗಿ ವಿಮಾನ ಎಡಕ್ಕೆ ವಾಲುತ್ತದೆ. ತಿರುವಿಗೆ ಮುಖ್ಯ ಕಾರಣ ಈ ವಾಲುವಿಕೆಯೇ ಹೊರತು, ಹಲವರು ಭಾವಿಸುವಂತೆ ರಡ್ಡರ್, ಅಂದರೆ ಬಾಲದಲ್ಲಿ ಎಡಬಲಕ್ಕೆ ಹೊರಳುವ ನೆಟ್ಟನೆಯ ಪಟ್ಟಿ, ಅಲ್ಲ.

ಹಾಗಾದರೆ ಕಾಲಿಗೇನು ಕೆಲಸ? ಕೆಳಕ್ಕೆ ಬಾಗಿದ ಬಲಗಡೆಯ ಏಲರಾನ್ ಆ ರೆಕ್ಕೆಯನ್ನು ಎತ್ತುವುದರ ಜೊತೆಗೆ ಅದರ ಮೇಲಿನ ಗಾಳಿಯ ಎಳೆತವನ್ನೂ ಹೆಚ್ಚಿಸುವುದರಿಂದ, ಎಡಕ್ಕೆ ವಾಲುತ್ತಿರುವ ವಿಮಾನದ ಮೂತಿ ವಿಚಿತ್ರವೆಂಬಂತೆ ಬಲಕ್ಕೆ ಹೊರಳಲು ನೋಡುತ್ತದೆ. ಅದನ್ನು ತಡೆಯಲು ಎಡ ಪೆಡಲನ್ನು ಒತ್ತಿ ಬಾಲದ ರಡ್ಡರನ್ನು ಎಡಕ್ಕೆ ಹೊರಳಿಸಬೇಕು. ಹದ ತಪ್ಪಿದರೆ ಚಾಲಕನ ಎದುರಿನ ಬಾಗಿದ ಗಾಜಿನ ಕೊಳವೆಯೊಳಗಿನ ಪುಟ್ಟ ಗುಂಡು ನಡುವಿನಿಂದ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಆಗ ಗುಂಡು ಸರಿದ ಕಡೆಯ ಪೆಡಲನ್ನೇ ಒತ್ತಬೇಕು.