ಗೇರ್ ಬಿಚ್ಚಿದ ಎಂಟಿಬಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು 26 ಇಂಚು ಚಕ್ರದ, 21 ಗೇರಿನ ಹಳೆಯ ಸ್ಟೀಲ್ ಎಂಟಿಬಿ (ಮೌಂಟನ್ ಬೈಕ್). ಮಳೆಗಾಲ ಬಂತೆಂದರೆ ಕೆಂಪು ಮಣ್ಣು ತುಂಬಿಕೊಂಡು, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೈಲರ್ ಕೆಲಸವನ್ನೇ ಬಿಡುತ್ತದೆ. ಎಲ್ಲ ಬಿಚ್ಚಿ ಒಂದೇ ಗೇರಿನ ಸಿಂಗಲ್ ಸ್ಪೀಡ್ ಮಾಡೋಣವೆಂದಿದ್ದೇನೆ. ಮುಂದೆ 32, ಹಿಂದೆ 16 ಹಲ್ಲು ಹಾಕು ಎನ್ನುತ್ತಾರೆ ಗೆಳೆಯರು. ದಿನಾ ಉಡುಪಿಯಿಂದ ಮಣಿಪಾಲಕ್ಕೆ ಹತ್ತಬೇಕು. ಆದೀತೇ? — ಕುಂಜಿಬೆಟ್ಟಿನ ಓದುಗರು

ಉತ್ತರ: ಹತ್ತಬಹುದು, ಆದರೆ ದಿನಾ ಹತ್ತಿದರೆ ಮಂಡಿ ದೂರು ಹೇಳುತ್ತದೆ. 32–16 ಸಮತಟ್ಟು ಊರಿಗೆ ಸರಿಹೊಂದುವ ಲೆಕ್ಕ. 2.1 ಇಂಚಿನ ಟೈರು ಹಾಕಿದ 26ರ ಚಕ್ರ ಒಂದು ಸುತ್ತಿಗೆ ಸುಮಾರು 2.07 ಮೀಟರ್ ಉರುಳುತ್ತದೆ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, ಬಂದದ್ದನ್ನು ಇದಕ್ಕೆ ಗುಣಿಸಿ. 32–16ರಲ್ಲಿ ಪೆಡಲಿನ ಒಂದು ಸುತ್ತಿಗೆ 4.14 ಮೀಟರ್, 32–18ರಲ್ಲಿ 3.68 ಮೀಟರ್ ಸಿಗುತ್ತದೆ. ಇಂದ್ರಾಳಿ ದಾಟಿದ ಮೇಲೆ ಗಂಟೆಗೆ 8 ಕಿ.ಮೀ. ವೇಗದಲ್ಲಿ ಏರುತ್ತೀರೆಂದರೆ ಮೊದಲನೆಯದರಲ್ಲಿ ನಿಮಿಷಕ್ಕೆ 32 ಸುತ್ತು ತುಳಿಯುತ್ತೀರಿ, ಎರಡನೆಯದರಲ್ಲಿ 36. ಅಷ್ಟು ನಿಧಾನದಲ್ಲಿ ಆ ನಾಲ್ಕು ಸುತ್ತಿನ ವ್ಯತ್ಯಾಸ ಕಾಲಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಸಮತಟ್ಟು ರಸ್ತೆಯಲ್ಲಿ 90 ಸುತ್ತು ತುಳಿದರೆ 32–18ರಲ್ಲೂ ಗಂಟೆಗೆ 20 ಕಿ.ಮೀ. ಬರುತ್ತದೆ. ಹಾಗಾಗಿ ನಿಮಗೆ 18 ಸಾಕು. 29 ಇಂಚಿನ ಚಕ್ರ ಇರುವವರು ತುಳಿಯಲು ಇದೇ ಹಗುರ ಬೇಕೆಂದರೆ 32–20 ಹಾಕಬೇಕು.

ದುಡ್ಡು ಹಾಕುವ ಮೊದಲು ಒಂದು ಕೆಲಸ ಮಾಡಿ. ಈಗಿರುವ ಸೈಕಲ್ಲಿನಲ್ಲೇ ಮುಂದೆ ಪೆಡಲಿನ ಬಳಿಯ ಹಲ್ಲುಚಕ್ರಗಳಲ್ಲಿ ನಡುವಿನ ಚೈನ್‌ರಿಂಗ್‌ಗೆ ಇಟ್ಟು, ಹಿಂದಿನ ಹಲ್ಲುಗಳನ್ನು ಎಣಿಸಿ, ಅನುಪಾತ 1.8ರ ಹತ್ತಿರ ಬರುವ ಗೇರಿಗೆ ಹಾಕಿ. ಒಂದು ವಾರ ಗೇರ್ ಬದಲಿಸುವ ಶಿಫ್ಟರ್ ಮುಟ್ಟಬೇಡಿ. ಎಷ್ಟು ಹಲ್ಲು ಬೇಕೆಂದು ಆ ವಾರವೇ ಹೇಳುತ್ತದೆ.

ಪ್ರಶ್ನೆ: ಗೇರ್ ತೆಗೆದು ಸಿಂಗಲ್ ಸ್ಪೀಡ್ ಮಾಡಿದ್ದೇನೆ. ಹಳೆಯ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ನಡು ಚೈನ್‌ರಿಂಗ್, ಹಳೆಯ ಚೈನು, ಹೊಸ 18ರ ಹಲ್ಲುಚಕ್ರ. ಏರಿನಲ್ಲಿ ಎದ್ದುನಿಂತು ತುಳಿದರೆ ಚೈನು ಜಾರುತ್ತದೆ, ಒಮ್ಮೊಮ್ಮೆ ಕಳಚಿಯೇ ಬೀಳುತ್ತದೆ. ತಪ್ಪು ಎಲ್ಲಿದೆ? — ಸುರತ್ಕಲ್‌ನ ಓದುಗರು

ಉತ್ತರ: ಜಾರುವುದಕ್ಕೂ ಕಳಚುವುದಕ್ಕೂ ಕಾರಣ ಬೇರೆಬೇರೆ.

ಜಾರುವುದು ಹೆಚ್ಚಾಗಿ ಹಳೆಯ ಚೈನಿನಿಂದ. ಚೈನಿನ ಒಂದು ಪಿನ್ನಿನ ಮಧ್ಯದಿಂದ ಸ್ಟೀಲ್ ಸ್ಕೇಲ್ ಹಿಡಿದು 24 ಕೊಂಡಿ ಎಣಿಸಿ ಅಳೆಯಿರಿ. ಹೊಸ ಚೈನಾದರೆ 304.8 ಮಿ.ಮೀ. ಇರುತ್ತದೆ. 306 ದಾಟಿದ್ದರೆ ಅದು ಹೊಸ ಹಲ್ಲಿನ ಮೇಲೆ ಸರಿಯಾಗಿ ಕೂರುವುದಿಲ್ಲ, ಬದಲಿಸಿ. ಚೈನಿನ ಅಗಲವನ್ನೂ ನೋಡಿ. ಸಾದಾ ಸೈಕಲ್ಲಿನ ಫ್ರೀವೀಲ್ (ಹಿಂದಕ್ಕೆ ತುಳಿದರೆ ಸುಮ್ಮನೆ ತಿರುಗುವ ಹಲ್ಲುಚಕ್ರ) ಹಾಕಿದ್ದರೆ ಅದರ ಹಲ್ಲು 1/8 ಇಂಚಿನದು. ಗೇರ್ ಸೈಕಲ್ಲಿನ 3/32 ಚೈನು ಅದರಲ್ಲಿ ಇಳಿಯುವುದೇ ಇಲ್ಲ. 1/8 ಚೈನನ್ನು 3/32 ಹಲ್ಲಿಗೆ ಹಾಕಬಹುದು.

ಕಳಚುವುದಕ್ಕೆ ಮೊದಲ ಅಪರಾಧಿ ನಿಮ್ಮ ನಡು ಚೈನ್‌ರಿಂಗ್. ಗೇರ್ ಬದಲಾಗಲೆಂದೇ ಅದರ ಪಕ್ಕದಲ್ಲಿ ಸಣ್ಣ ಪಿನ್ನು, ಇಳಿಜಾರು ಕೊರೆದಿರುತ್ತಾರೆ. ಚೈನನ್ನು ಎತ್ತಿ ಎಸೆಯುವುದೇ ಅವುಗಳ ಕೆಲಸ. ಹಲ್ಲು ನೆಟ್ಟಗಿರುವ ಸಾದಾ ರಿಂಗ್ ಅಥವಾ ಅಗಲ, ಕಿರಿದು ಹಲ್ಲು ಸರದಿಯಲ್ಲಿರುವ ನ್ಯಾರೋ-ವೈಡ್ ರಿಂಗ್ ಹಾಕಿ, ಒಂದೇ ರಿಂಗಿಗೆಂದು ಬರುವ ಗಿಡ್ಡ ಬೋಲ್ಟ್ ಬಳಸಿ.

ಎರಡನೆಯದು ಚೈನ್ ಲೈನ್, ಅಂದರೆ ಮುಂದಿನ, ಹಿಂದಿನ ಹಲ್ಲುಗಳು ಒಂದೇ ನೇರದಲ್ಲಿರುವುದು. ಇದರಲ್ಲಿ ಅಂದಾಜು ಬೇಡ, ಅಳೆಯಲೇಬೇಕು. ಮುಂದೆ, ಸೀಟ್ ಟ್ಯೂಬಿನ ದಪ್ಪದ ಅರ್ಧಕ್ಕೆ ಟ್ಯೂಬಿನಿಂದ ಹಲ್ಲಿನ ಮಧ್ಯದವರೆಗಿನ ಅಂತರ ಕೂಡಿಸಿ. ಹಿಂದೆ, 135 ಮಿ.ಮೀ. ಹಬ್ (ಚಕ್ರದ ನಡುವಿನ ಗುಂಭ) ಆದರೆ ಅದರ ಅರ್ಧ 67.5ರಿಂದ, ಆಕ್ಸಲ್ ಕೂರುವ ಡ್ರಾಪ್‌ಔಟಿನ ಒಳಮೈಗೂ ಹಲ್ಲಿನ ಮಧ್ಯಕ್ಕೂ ಇರುವ ಅಂತರ ಕಳೆಯಿರಿ. ಎರಡೂ ಒಂದೇ ಬರಬೇಕು, 1 ಮಿ.ಮೀ. ಹೆಚ್ಚುಕಡಿಮೆ ಪರವಾಗಿಲ್ಲ. ಕ್ಯಾಸೆಟ್ ಹಬ್ (ಹಲ್ಲುಗಳ ಗುಚ್ಛ ಜಾರಿಸಿ ಕೂರಿಸುವ ಬಗೆ) ಇದ್ದರೆ ಸ್ಪೇಸರುಗಳನ್ನು (ನಡುವಿನ ಬಳೆಗಳನ್ನು) ಆಚೀಚೆ ಮಾಡಿದರೆ ಮುಗಿಯಿತು. ಹಲ್ಲುಚಕ್ರ ಕೂರುವ ಫ್ರೀಹಬ್ ಅಲ್ಯೂಮಿನಿಯಂನದಾದರೆ ತೆಳು ತಗಡಿನ ಹಲ್ಲುಚಕ್ರ ಅದನ್ನು ಕೊರೆದು ತಿನ್ನುತ್ತದೆ, ಬುಡ ಅಗಲ ಇರುವುದನ್ನೇ ಕೊಳ್ಳಿ. ಅದನ್ನು ಹಿಡಿದಿಡುವ ಲಾಕ್‌ರಿಂಗ್ 40 ನ್ಯೂಟನ್ ಮೀಟರ್ ಬಿಗಿ ಇರಲಿ.

ಹಬ್ ಯಾವುದೆಂದು ಗೊತ್ತಿಲ್ಲವೇ? ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ. ಟೂಲ್ ಕೂರುವ ಒಳಗಿನ ಕಚ್ಚುಗಳು ಹಲ್ಲಿನ ಜೊತೆ ತಿರುಗಿದರೆ ಕ್ಯಾಸೆಟ್, ನಿಂತಲ್ಲೇ ನಿಂತರೆ ತಿರುಪಿನಂತೆ ಸುತ್ತಿ ಕೂರುವ ಫ್ರೀವೀಲ್. ಫ್ರೀವೀಲ್ ಹಬ್ಬಿಗೆ ಒಂಟಿ ಫ್ರೀವೀಲ್ ಹಾಕಿದರೆ ಅದು ಕಡ್ಡಿಗಳ ಪಕ್ಕಕ್ಕೆ ಹೋಗಿ ಕೂರುತ್ತದೆ, ಚೈನು ಓರೆಯಾಗುತ್ತದೆ. ಆಗ ಆಕ್ಸಲಿನ ಬಲಗಡೆಯ ಸ್ಪೇಸರ್ ತೆಗೆದು ಎಡಕ್ಕೆ ಹಾಕಿ, ರಿಮ್ ಮತ್ತೆ ನಡುವಿಗೆ ಬರುವಂತೆ ಕಡ್ಡಿ ಬಿಗಿಸಿಕೊಳ್ಳಬೇಕು. ಡಿಸ್ಕ್ ಬ್ರೇಕ್ ಇದ್ದರೆ ಇದು ಆಗದು: ರೋಟರ್ (ಬ್ರೇಕಿನ ತಟ್ಟೆ) ಕೂಡ ಬಲಕ್ಕೆ ಸರಿದು, ಅದನ್ನು ಹಿಡಿಯುವ ಕ್ಯಾಲಿಪರಿನಿಂದ ತಪ್ಪುತ್ತದೆ. ಅಂಥವರು ಕ್ಯಾಸೆಟ್ ಹಬ್ಬಿನ ಚಕ್ರ ಹುಡುಕುವುದೇ ಮೇಲು.

ಇನ್ನು ಚೈನಿನ ಬಿಗಿ. ಡ್ರಾಪ್‌ಔಟ್ ಲಂಬವಾಗಿದ್ದರೆ ಚೈನು ಬಿಗಿಯಾಗಿಡುವ ಟೆನ್ಶನರ್ ಬೇಕೇ ಬೇಕು. ಚೈನನ್ನು ಮೇಲಕ್ಕೆ ಒತ್ತುವ ಬಗೆಯದನ್ನು ಆರಿಸಿ. ಆಗ ಚೈನು ಹಿಂದಿನ ಹಲ್ಲನ್ನು ಹೆಚ್ಚು ಸುತ್ತಿಕೊಳ್ಳುತ್ತದೆ. ಡ್ರಾಪ್‌ಔಟ್ ಅಡ್ಡವಾಗಿದ್ದರೆ ಚಕ್ರವನ್ನೇ ಹಿಂದಕ್ಕೆ ಎಳೆದು ಬಿಗಿ ಮಾಡಿ. ನಡುವೆ ಬೆರಳಿಟ್ಟರೆ ಚೈನು ಮೇಲೆ ಕೆಳಗೆ ಒಟ್ಟು 10–12 ಮಿ.ಮೀ. ಆಡಬೇಕು. ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ತಿರುಗಿಸಿ, ಅತಿ ಬಿಗಿ ಬರುವ ಜಾಗದಲ್ಲಿ ಈ ಅಳತೆ ನೋಡಿ. ಯಾವ ಚೈನ್‌ರಿಂಗೂ ಪೂರ್ತಿ ದುಂಡಗಿರುವುದಿಲ್ಲ. ಉದ್ದ ಹೊಂದದಿದ್ದರೆ ಒಂದು ಹಾಫ್ ಲಿಂಕ್ (ಒಂಟಿ ಕೊಂಡಿ) ಸೇರಿಸಬಹುದು, ಆದರೆ ನ್ಯಾರೋ-ವೈಡ್ ರಿಂಗಿನ ಜೊತೆ ಬೇಡ. ಆ ರಿಂಗಿಗೆ ಚೈನಿನ ಅಗಲ ಕೊಂಡಿ, ಕಿರಿದು ಕೊಂಡಿ ಸರದಿಯಲ್ಲೇ ಬರಬೇಕು. ಹಾಫ್ ಲಿಂಕ್ ಆ ಸರದಿ ಕೆಡಿಸುತ್ತದೆ.

ಪ್ರಶ್ನೆ: ಗೇರ್ ತೆಗೆದರೆ ಎಷ್ಟು ಹಗುರವಾಗುತ್ತದೆ? ಇನ್ನೂ ಹಗುರ ಮಾಡಲು ಮೊದಲು ಎಲ್ಲಿ ಖರ್ಚು ಮಾಡಲಿ? — ಮಂಗಳೂರಿನ ಬಿಜೈನಿಂದ

ಉತ್ತರ: ಶಿಫ್ಟರ್, ಎರಡು ಡಿರೈಲರ್, ಕೇಬಲ್, ಎರಡು ರಿಂಗು, ಹಿಂದಿನ ಹಲ್ಲಿನ ಗುಚ್ಛ ಹೋಗಿ ಟೆನ್ಶನರ್ ಬಂದ ಮೇಲೆ ಉಳಿಯುವುದು ಮುಕ್ಕಾಲು ಕಿಲೋ ಆಸುಪಾಸು. ದೊಡ್ಡ ಲಾಭ ಇರುವುದು ಮುಂದಿನ ಫೋರ್ಕಿನಲ್ಲಿ. ಕಡಿಮೆ ಬೆಲೆಯ ಸಸ್ಪೆನ್ಶನ್ ಫೋರ್ಕ್ ಎರಡೂವರೆ ಕಿಲೋ ತೂಗುತ್ತದೆ. ಸ್ಪ್ರಿಂಗ್ ಇಲ್ಲದ, ಕ್ರೋಮೋಲಿ (ಸ್ಟೀಲ್ ಮಿಶ್ರಲೋಹ) ರಿಜಿಡ್ ಫೋರ್ಕ್ ಒಂದು, ಒಂದೂಕಾಲು ಕಿಲೋ. ಆದರೆ ಕೈಗೆ ಸಿಕ್ಕಿದ ಫೋರ್ಕ್ ಹಾಕಬೇಡಿ. ಆಕ್ಸಲಿನಿಂದ ಕ್ರೌನಿನವರೆಗಿನ (ಫೋರ್ಕಿನ ಎರಡು ಕಾಲು ಸೇರುವ ತಲೆಯವರೆಗಿನ) ಉದ್ದ, ನೀವು ಕೂತಾಗ ಹಳೆಯ ಫೋರ್ಕ್ ಎಷ್ಟಿರುತ್ತಿತ್ತೋ ಅಷ್ಟೇ ಇರಬೇಕು. 20 ಮಿ.ಮೀ. ಗಿಡ್ಡವಾದರೆ ಫೋರ್ಕಿನ ಓರೆ, ಅಂದರೆ ಹೆಡ್ ಆ್ಯಂಗಲ್ ಸುಮಾರು ಒಂದು ಡಿಗ್ರಿ ಕಡಿದಾಗುತ್ತದೆ, ಮುರಕಲ್ಲಿನ ಇಳಿಜಾರಿನಲ್ಲಿ ಹ್ಯಾಂಡಲ್ ಚಡಪಡಿಸುತ್ತದೆ, ಪೆಡಲ್ ಕಲ್ಲಿಗೆ ಬಡಿಯುತ್ತದೆ.

ಆಮೇಲೆ ಟೈರು. ತಂತಿ ಅಂಚಿನದನ್ನು ಬಿಟ್ಟು ಮಡಚುವ ಟೈರು ಹಾಕಿದರೆ ಒಂದೊಂದಕ್ಕೆ 100–200 ಗ್ರಾಂ ಉಳಿಯುತ್ತದೆ. ಅದು ತಿರುಗುವ ಭಾರವಾದ್ದರಿಂದ ಹೊರಡುವಾಗಲೇ ಗೊತ್ತಾಗುತ್ತದೆ. ಹ್ಯಾಂಡಲ್ ಹಿಡಿದಿಡುವ ಸ್ಟೆಮ್ಮಿಗೆ ಅಲ್ಯೂಮಿನಿಯಂ ಬೋಲ್ಟ್ ಹಾಕಿ ಐದಾರು ಗ್ರಾಂ ಉಳಿಸುವ ಸಾಹಸ ಖಂಡಿತ ಬೇಡ. ಸಿಂಗಲ್ ಸ್ಪೀಡಿನಲ್ಲಿ ಎದ್ದುನಿಂತು ಹ್ಯಾಂಡಲ್ ಎಳೆದೇ ಏರುವುದು, ಆ ಭಾರವೆಲ್ಲ ಅಲ್ಲಿಗೇ ಬೀಳುತ್ತದೆ.

ಪ್ರಶ್ನೆ: ಕಡಲ ಗಾಳಿಗೆ ಸ್ಟೀಲ್ ಫ್ರೇಮ್ ತಾಳುತ್ತದೆಯೇ? — ಮಲ್ಪೆಯ ಓದುಗರು

ಉತ್ತರ: ಒಳಗಿನಿಂದ ಕಾಪಾಡಿದರೆ ತಾಳುತ್ತದೆ. ಜೋಡಿಸುವ ಮೊದಲೇ ಬರಿ ಫ್ರೇಮಿನ ಟ್ಯೂಬುಗಳೊಳಗೆ ಬೇಯಿಸಿದ ಅಗಸೆ ಎಣ್ಣೆ ಸುರಿದು, ಎಲ್ಲ ಕಡೆ ಹರಿಯುವಂತೆ ತಿರುಗಿಸಿ, ಎರಡು ಮೂರು ದಿನ ಒಣಗಲು ಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹತ್ತೀತು, ಹರಡಿ ಒಣಗಿಸಿ. ಅಲ್ಯೂಮಿನಿಯಂ ಸೀಟ್ ಪೋಸ್ಟಿಗೆ ಗ್ರೀಸ್ ಹಚ್ಚಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊರತೆಗೆದು ಮತ್ತೆ ಹಚ್ಚಿ. ಉಪ್ಪುನೀರು ಸೇರಿದರೆ ಅದು ಸ್ಟೀಲಿಗೆ ಕಚ್ಚಿಕೊಂಡು ಜಪ್ಪಯ್ಯ ಎಂದರೂ ಬರುವುದಿಲ್ಲ. ಬೀಚಿನಲ್ಲಿ ಓಡಿಸಿದ ದಿನ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಟ್ಟ ಮೇಲೆಯೇ ಒಳಗಿಡಿ.