ಶೋ ಮುಂದಕ್ಕೆ ಹೋಯಿತು, 600 ರೂಪಾಯಿ ಬಿಟ್ಟುಬಿಡಬೇಕಾ?

ಪ್ರಶ್ನೆ: ಮೇಡಂ, ಬೆಂಗಳೂರಿನ ಒಂದು ಸಂಗೀತ ಕಾರ್ಯಕ್ರಮಕ್ಕೆ ಮಗಳು ಮೊಬೈಲ್‌ನಲ್ಲಿ ಎರಡು ಟಿಕೆಟ್ ತೆಗೆದಳು. ಮೊದಲು ತೋರಿಸಿದ್ದು ತಲಾ 2,500. ಹಣ ಕಟ್ಟುವ ಹೊತ್ತಿಗೆ ಕನ್ವೀನಿಯನ್ಸ್ ಫೀ 500, ಅದಕ್ಕೆ ಜಿಎಸ್‌ಟಿ 90, ಯಾವುದೋ ದೇಣಿಗೆ 10 ಸೇರಿ 5,600 ಆಯಿತು. ಹಿಂದಿನ ದಿನ ಕಾರ್ಯಕ್ರಮ ಮುಂದೂಡಿದರು. ಬಸ್ಸೂ ಬುಕ್ ಆಗಿತ್ತು. ವಾಪಸ್ ಬಂದದ್ದು 5,000 ಮಾತ್ರ. ಅಮೆರಿಕದಲ್ಲಿ ಇದಕ್ಕೊಂದು ಕಾನೂನು ಬರುತ್ತಿದೆಯಂತೆ. ನಮ್ಮಲ್ಲಿ ಏನೂ ಇಲ್ವಾ? 600 ರೂಪಾಯಿಗೆ ಬೆಂಗಳೂರಿಗೆ ಅಲೆಯೋಕಾಗುತ್ತಾ?
— ಓದುಗರು, ಗೋಣಿಕೊಪ್ಪ

ಉತ್ತರ: ಬೆಂಗಳೂರಿಗೆ ಹೋಗಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ. 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೇ ಇಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕು ಎಂದೂ ಇಲ್ಲ. ವಕೀಲೆಯಾದ ನಾನೇ ಇದನ್ನು ಹೇಳುತ್ತಿದ್ದೇನೆ. ಇಷ್ಟು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಬಿಟ್ಟುಬಿಡುತ್ತಾರೆ.

ಈಗ ಆ 600ಕ್ಕೆ ಬರೋಣ. ಮೊದಲು ಕಡಿಮೆ ಬೆಲೆ ತೋರಿಸಿ, ಹಣ ಕಟ್ಟುವ ಕೊನೇ ಪುಟದಲ್ಲಿ ಒಂದೊಂದೇ ಸೇರಿಸುತ್ತಾ ಹೋಗುವುದಕ್ಕೆ ಡ್ರಿಪ್ ಪ್ರೈಸಿಂಗ್ ಎನ್ನುತ್ತಾರೆ. 2023ರ ನವೆಂಬರ್ 30ರಂದು ಕೇಂದ್ರ ಸರ್ಕಾರ ಡಾರ್ಕ್ ಪ್ಯಾಟರ್ನ್‌ಗಳ, ಅಂದರೆ ಆ್ಯಪ್, ವೆಬ್‌ಸೈಟ್‌ಗಳಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಹೆಸರಿಸಿದ 13 ತಂತ್ರಗಳಲ್ಲಿ ಇದೂ ಒಂದು. ಕೇಳದೇ ದೇಣಿಗೆ ಸೇರಿಸುವುದು ಇನ್ನೊಂದು. ಆ 10 ರೂಪಾಯಿಯ ಮುಂದೆ ಪುಟ್ಟ ಚೌಕದಲ್ಲಿ ಮೊದಲೇ ಟಿಕ್ ಹಾಕಿತ್ತಾ, ಮಗಳನ್ನು ಕೇಳಿ. 2020ರ ಇ-ಕಾಮರ್ಸ್ ನಿಯಮಗಳಲ್ಲಿ ಹಾಗೆ ಮೊದಲೇ ಟಿಕ್ ಹಾಕಿ ಒಪ್ಪಿಗೆ ಪಡೆಯುವುದಕ್ಕೆ ಅವಕಾಶವಿಲ್ಲ. ಹತ್ತು ರೂಪಾಯಿ ಅಲ್ವಾ ಅನ್ನಬೇಡಿ. ಸಾವಿರಾರು ಜನರಿಂದ ಹತ್ತತ್ತು ರೂಪಾಯಿ ಎಷ್ಟಾಗುತ್ತದೆ ನೋಡಿ.

ಅಮೆರಿಕದ ವಿಷಯ ನೀವು ಕೇಳಿದ್ದು ನಿಜ. ಅಲ್ಲಿ ಟಿಕೆಟ್ ಆಕ್ಟ್ ಎಂಬ ಮಸೂದೆ 2025ರ ಏಪ್ರಿಲ್‌ನಲ್ಲಿ ಕೆಳಮನೆಯಲ್ಲಿ 409-15 ಮತಗಳಿಂದ ಪಾಸಾಯಿತು. ಕಾನೂನಾಗಲು ಮೇಲ್ಮನೆಯಾದ ಸೆನೆಟ್ ಕೂಡ ಒಪ್ಪಬೇಕು. ಎಲ್ಲ ಶುಲ್ಕ ಸೇರಿದ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕು, ಕಾರ್ಯಕ್ರಮ ರದ್ದಾದರೆ ಶುಲ್ಕವೂ ಸೇರಿ ಪೂರ್ತಿ ಹಣ ಕೊಡಬೇಕು, ಕೈಯಲ್ಲಿ ಇಲ್ಲದ ಟಿಕೆಟನ್ನು ಇದೆ ಎಂದು ಮಾರಬಾರದು ಎನ್ನುತ್ತದೆ ಅದು. ಪೂರ್ತಿ ಬೆಲೆ ಮೊದಲೇ ತೋರಿಸಬೇಕೆಂಬ ಬೇರೊಂದು ನಿಯಮವಂತೂ ಅಲ್ಲಿ 2025ರ ಮೇ 12ರಿಂದಲೇ ಜಾರಿಯಲ್ಲಿದೆ.

ನಮಗೆ ಬೇಕಾಗಿರುವುದೂ ಅದೇ, ಟಿಕೆಟ್‌ಗೆಂದೇ ನೇರವಾಗಿ ಮಾತಾಡುವ ಕಾನೂನು. ಅದರಲ್ಲೂ ಕಾರ್ಯಕ್ರಮ ಮುಂದೂಡಿದಾಗ ಏನು ಎಂಬುದು ನಮ್ಮ ಜಿಲ್ಲೆಯವರಿಗೆ ಬಹಳ ಮುಖ್ಯ. ಬೆಂಗಳೂರಿನಲ್ಲಿ ಇರುವವರಿಗೆ ಒಂದು ಸಂಜೆ ಹೋಯಿತು, ಅಷ್ಟೇ. ಗೋಣಿಕೊಪ್ಪದವರಿಗೆ ಎರಡು ಕಡೆಯ ಬಸ್, ರಾತ್ರಿ ತಂಗಲು ಲಾಡ್ಜ್, ಎರಡು ದಿನದ ರಜೆ. ಕಾಫಿ ಕೊಯ್ಲಿನ ಸಮಯವಾಗಿದ್ದರೆ ತೋಟದ ಕೆಲಸವೂ ನಿಂತಂತೆ. ಇದನ್ನೆಲ್ಲ ಆ್ಯಪ್‌ನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ನೀವು ಹಿಡಿಯಿರಿ. ಬಸ್ಸಿನ ಟಿಕೆಟ್, ರದ್ದು ಮಾಡಿದಾಗ ಕಡಿತವಾದ ಹಣದ ಮೆಸೇಜ್, ಎಲ್ಲ ಇಟ್ಟುಕೊಂಡು ಪರಿಹಾರ ಕೇಳಿ.

ಬ್ಲ್ಯಾಕ್ ಟಿಕೆಟ್ ಬಗ್ಗೆಯೂ ಒಂದು ಮಾತು. ಹೊಸ ದಿನಾಂಕಕ್ಕೆ ಟಿಕೆಟ್ ಸಿಗದೆ ಮಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹುಡುಕಬಹುದು. ಬೇಡ ಅನ್ನಿ. ಗುಂಪು ಕಟ್ಟಿಕೊಂಡು ಅನಧಿಕೃತವಾಗಿ ಟಿಕೆಟ್ ಮಾರುವುದು ಭಾರತೀಯ ನ್ಯಾಯ ಸಂಹಿತೆಯ 112ನೇ ಸೆಕ್ಷನ್ ಪ್ರಕಾರ ಅಪರಾಧ. ಆದರೆ ಮಾರಿದವನು ಸಿಕ್ಕಿಬೀಳುವ ಹೊತ್ತಿಗೆ ಗೇಟಿನಲ್ಲಿ ನಿಮ್ಮ ಕ್ಯೂಆರ್ ಕೋಡ್ ಕೆಲಸ ಮಾಡದೇ ಇರುತ್ತದೆ.

ಮಾಡಬೇಕಾದ್ದು ಇಷ್ಟು. ಮೊದಲು ಕಂಪನಿಯ ದೂರು ಅಧಿಕಾರಿಗೆ ಮೇಲ್ ಹಾಕಿ. ಹೆಸರು, ವಿಳಾಸ ಅವರ ಆ್ಯಪ್‌ನಲ್ಲೇ ಇರಬೇಕು. ಉದ್ದ ಬರೆಯಬೇಡಿ: "ಕಾರ್ಯಕ್ರಮ ಮುಂದೂಡಿದ್ದು ನೀವು, ನಾವಲ್ಲ. ನಮಗೆ ಸಿಗದ ಸೇವೆಗೆ 600 ರೂಪಾಯಿ ಹಿಡಿದುಕೊಂಡಿದ್ದೀರಿ, ವಾಪಸ್ ಕೊಡಿ." ಶುಲ್ಕ ವಾಪಸ್ ಇಲ್ಲ ಎಂದು ಷರತ್ತಿನಲ್ಲಿದೆ ಅಂತ ಉತ್ತರ ಬರಬಹುದು. ಅವರು ಬರೆದುಕೊಂಡ ಷರತ್ತೇ ಕೊನೇ ಮಾತಲ್ಲ, ಅದನ್ನು ಆಯೋಗದ ಮುಂದೆ ಪ್ರಶ್ನಿಸಬಹುದು. ದೂರು ತಲುಪಿತು ಎಂದು ಕಂಪನಿ 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಮಾಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಆಗದಿದ್ದರೆ ಮಡಿಕೇರಿಯ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಮಳೆಗಾಲದಲ್ಲಿ ಘಾಟಿ ಹತ್ತೋದು ಕಷ್ಟ ಅಂದರೆ ವಿಡಿಯೋ ಕಾನ್ಫರೆನ್ಸ್ ಮೂಲಕ ವಿಚಾರಣೆಗೆ ಅರ್ಜಿ ಹಾಕಬಹುದು. ಬೆಲೆ ತೋರಿಸಿದ ಪುಟದ ಸ್ಕ್ರೀನ್‌ಶಾಟ್ ಮಗಳ ಫೋನಿನಲ್ಲಿ ಇದ್ದರೆ ಇವತ್ತೇ ನಿಮ್ಮ ಮೇಲ್‌ಗೂ ಕಳಿಸಿಕೊಳ್ಳಿ.